ಪ್ಯಾಕೇಜ್ ಪಾಲಿಸಿ ವಿಮರ್ಶೆ: ಪ್ರೀಮಿಯಂ ಇಳಿದಾಗ ಕತ್ತರಿ ಬಿದ್ದದ್ದು ಯಾವುದಕ್ಕೆ?

ರಿನ್ಯೂವಲ್ ಹತ್ತಿರ ಬಂದಾಗ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಅಗ್ಗದ ಕೊಟೇಶನ್ ನಿಜಕ್ಕೂ ಅಗ್ಗವಾಗಿರುವುದು ಅಪರೂಪ. ಇತರರಿಗಾದ ಹಾನಿಗೆ ಥರ್ಡ್ ಪಾರ್ಟಿ, ಸ್ವಂತ ಗಾಡಿಯ ಹಾನಿಗೆ ಓನ್ ಡ್ಯಾಮೇಜ್, ಇವೆರಡೂ ಸೇರಿದ್ದು ಪ್ಯಾಕೇಜ್ ಪಾಲಿಸಿ. ಕಾರು, ಬೈಕುಗಳ ಈ ಪಾಲಿಸಿಯ ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಹಿಂದೆ ದರ, ಷರತ್ತುಗಳನ್ನು ನಿಗದಿ ಮಾಡಿದ್ದ ಹಳೆಯ ಇಂಡಿಯಾ ಮೋಟಾರ್ ಟ್ಯಾರಿಫ್‌ನ ಒಕ್ಕಣೆಯೇ ಬಹುಪಾಲು ಮುಂದುವರಿದಿದೆ. ಹಾಗಾಗಿ ಇಲ್ಲಿ ತೂಗುತ್ತಿರುವುದು ಯಾವುದೋ ಒಂದು ಕಂಪನಿಯನ್ನಲ್ಲ, ಅವರೆಲ್ಲ ಮಾರುವ ಈ ಸರಕನ್ನೇ.

ಮೊದಲು ಥರ್ಡ್ ಪಾರ್ಟಿ. ಇದರ ದರ ಕಂಪನಿಯ ಕೈಯಲ್ಲಿಲ್ಲ, ಕೇಂದ್ರ ಸಾರಿಗೆ ಸಚಿವಾಲಯದ ಕೈಯಲ್ಲಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416. ಅದನ್ನು ದಾಟಿದರೆ ಒಮ್ಮೆಗೇ 7,897. ಬೈಕಿನಲ್ಲಿ 75ರಿಂದ 150 ಸಿಸಿಗೆ 714, 350 ಸಿಸಿವರೆಗೆ 1,366, ಅದರಾಚೆ 2,804. ಎಲ್ಲದರ ಮೇಲೂ 18% ಜಿಎಸ್‌ಟಿ. ಅಂದರೆ 349 ಸಿಸಿಯ ಬುಲೆಟ್‌ಗೂ 398 ಸಿಸಿಯ ಇನ್ನೊಂದು ಬೈಕಿಗೂ ಎಂಜಿನ್‌ನಲ್ಲಿ 49 ಸಿಸಿ ವ್ಯತ್ಯಾಸ, ಪ್ರೀಮಿಯಂನಲ್ಲಿ ದುಪ್ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸುವವರೂ ಮೂವತ್ತು ಸಾವಿರ ಓಡಿಸುವವರೂ ಒಂದೇ ದರ ಕಟ್ಟಬೇಕು. ಹತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದರೂ ಈ ಭಾಗದಲ್ಲಿ ನಯಾಪೈಸೆ ರಿಯಾಯಿತಿ ಇಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಅನ್ವಯಿಸುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಇಷ್ಟೆಲ್ಲ ಗೊಣಗಿದರೂ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವ ಭಾಗ ಇದೇ: ಸಾವು, ಗಾಯದ ಪ್ರಕರಣಗಳಲ್ಲಿ ಪರಿಹಾರಕ್ಕೆ ಮಿತಿಯೇ ಇಲ್ಲ.

ಆಟ ನಡೆಯುವುದು ಓನ್ ಡ್ಯಾಮೇಜ್‌ನಲ್ಲಿ. 2007ರ ಜನವರಿಯಿಂದ ಈ ದರ ಕಂಪನಿಗಳಿಗೆ ಬಿಟ್ಟದ್ದು. ಲೆಕ್ಕ ಹಾಕಿ ನೋಡೋಣ. ಎಂಟು ಲಕ್ಷದ, 1200 ಸಿಸಿಯೊಳಗಿನ ಕಾರು. ಮೂರು ವರ್ಷ ತುಂಬಿದೆ, ಒಂದೂ ಕ್ಲೇಮ್ ಆಗಿಲ್ಲ. ಸವಕಳಿ ಪಟ್ಟಿಯಂತೆ 40% ಕಳೆದರೆ ಐಡಿವಿ, ಅಂದರೆ ಗಾಡಿ ಪೂರ್ತಿ ಕೈಬಿಟ್ಟಾಗ ಕಂಪನಿ ಕೊಡುವ ಗರಿಷ್ಠ ಮೊತ್ತ, 4,80,000. ಬೆಂಗಳೂರಿನ ಹಳೆಯ ಟ್ಯಾರಿಫ್ ದರ 3.283%, ಅಂದರೆ 15,758 ರೂಪಾಯಿ. ಕಂಪನಿ 60% ರಿಯಾಯಿತಿ ಕೊಟ್ಟಿತು ಅಂದುಕೊಳ್ಳಿ, 6,303ಕ್ಕೆ ಇಳಿಯಿತು. ಅದರ ಮೇಲೆ 35% ಎನ್‌ಸಿಬಿ ಕಳೆದರೆ 4,097. ಈಗ ಪಕ್ಕದ ಕೊಟೇಶನ್ ಐಡಿವಿಯನ್ನು ಸದ್ದಿಲ್ಲದೆ ನಾಲ್ಕು ಲಕ್ಷಕ್ಕೆ ಇಳಿಸಿರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದರೂ ಪ್ರೀಮಿಯಂ 3,414 ಆಗುತ್ತದೆ. ಜಿಎಸ್‌ಟಿ ಸೇರಿ ಉಳಿಯುವುದು ಎಂಟುನೂರು ರೂಪಾಯಿ. ಕಾರು ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ 75% ದಾಟಿ ಟೋಟಲ್ ಲಾಸ್ ಆದರೆ, ಕೈಬಿಟ್ಟು ಹೋಗುವುದು ಎಂಬತ್ತು ಸಾವಿರ. ಆದ್ದರಿಂದ ಕೊಟೇಶನ್ ಹೋಲಿಸುವ ಮೊದಲು ಐಡಿವಿಯನ್ನು ಎಲ್ಲ ಕಡೆಯೂ ಒಂದೇ ಅಂಕಿಗೆ ತನ್ನಿ, ವಾಲಂಟರಿ ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ನಾವೇ ಭರಿಸಲು ಒಪ್ಪಿದ ಮೊತ್ತ) ಸೊನ್ನೆಯಲ್ಲಿದೆಯೇ ನೋಡಿ. ಹಾಗೆ ಮಾಡಿದ ಮೇಲೆ ಮೊದಲ ಸಾಲಿನಲ್ಲಿದ್ದದ್ದು ಎಷ್ಟೋ ಸಲ ನಾಲ್ಕನೆಯ ಸಾಲಿಗೆ ಜಾರುತ್ತದೆ.

ಕ್ಲೇಮ್ ಹೊತ್ತಿನಲ್ಲಿ ಜಗಳ ಏಳುವುದು ಬಿಡಿಭಾಗಗಳ ಸವಕಳಿಯ ಮೇಲೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ, ಗಾಡಿ ಹೊಸದಾದರೂ ಸರಿ, 50% ಕಡಿತ. ಫೈಬರ್‌ಗ್ಲಾಸ್‌ಗೆ 30%. ಗಾಜಿಗೆ ಕಡಿತವಿಲ್ಲ. ಲೋಹಕ್ಕೆ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ನಾಲ್ಕನೇ ವರ್ಷದಲ್ಲಿ 25%, ಹತ್ತು ವರ್ಷ ಮೀರಿದರೆ 50%. ಇವತ್ತಿನ ಕಾರುಗಳ ಮುಂಭಾಗದಲ್ಲಿ ಮೊದಲು ಪೆಟ್ಟು ತಿನ್ನುವುದೆಲ್ಲ ಪ್ಲಾಸ್ಟಿಕ್ಕೇ. ಬಂಪರ್ 8,000, ಪೇಂಟಿಂಗ್ 6,000, ಕೂಲಿ 2,000, ಒಟ್ಟು 16,000ದ ಬಿಲ್ ಅಂದುಕೊಳ್ಳಿ. ಬಂಪರಿನಲ್ಲಿ 4,000 ಹೋಯಿತು. ಪೇಂಟಿಂಗ್ ಬಿಲ್‌ನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 750 ಹೋಯಿತು. 1500 ಸಿಸಿವರೆಗಿನ ಕಾರಿನ ಕಡ್ಡಾಯ ಕಡಿತ 1,000. ಒಟ್ಟು 5,750 ಮಾಲೀಕರ ಜೇಬಿನಿಂದ. ಬಿಡಿಭಾಗಗಳ ಸವಕಳಿ ಕಳೆಯದ ಝೀರೋ ಡೆಪ್ ಎಂಬ ಆ್ಯಡ್-ಆನ್ (ಹೆಚ್ಚುವರಿ ಕವರ್) ಇದ್ದರೆ ಸಾವಿರ ಮಾತ್ರ. ಐದು ವರ್ಷದೊಳಗಿನ ಕಾರಿಗೆ ಝೀರೋ ಡೆಪ್ ಬೇಕೇ ಬೇಕು ಅನ್ನುವುದು ಇದಕ್ಕೇ. ಆದರೆ ವರ್ಷಕ್ಕೆ ಎಷ್ಟು ಕ್ಲೇಮ್ ಎಂಬ ಮಿತಿ ಪಾಲಿಸಿಯ ಒಳಪುಟದಲ್ಲಿರುತ್ತದೆ. ಸಾಮಾನ್ಯವಾಗಿ ಎರಡು. ನಟ್ಟು, ಬೋಲ್ಟು, ಆಯಿಲ್, ಕೂಲೆಂಟ್‌ಗಳ ಕನ್ಸ್ಯೂಮಬಲ್ಸ್ ಕವರ್ ಬೇರೆಯೇ.

ಸಣ್ಣ ಪೆಟ್ಟಿಗೆಲ್ಲ ಕ್ಲೇಮ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಎನ್‌ಸಿಬಿ ಏರುವುದು 20, 25, 35, 45, 50 ಎಂದು. ಒಂದು ಕ್ಲೇಮ್‌ಗೆ ನೇರ ಸೊನ್ನೆ. ಮೇಲಿನ ಕಾರಿಗೆ ಮುಂದಿನ ಸಲ 45% ಸಿಗಬೇಕಿತ್ತು, ಅದು ಹೋಯಿತು. ನಂತರದ ವರ್ಷಗಳಲ್ಲಿ ಸಿಗಬೇಕಿದ್ದ 50%ಗೂ ಮೊದಲಿಂದ ಏರುವ ಬೋನಸ್‌ಗೂ 30, 25, 15, 5 ಶೇಕಡಾ ಅಂತರ. ಎಲ್ಲ ಕೂಡಿಸಿದರೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನ 120%, ಮೇಲಿನ 6,303ರ ಲೆಕ್ಕದಲ್ಲಿ ಏಳೂವರೆ ಸಾವಿರದ ಆಸುಪಾಸು. ಕಂಪನಿಯಿಂದ ಬರುವುದು ಅದಕ್ಕಿಂತ ಕಡಿಮೆಯಾದರೆ ಕೈಯಿಂದಲೇ ರಿಪೇರಿ ಮಾಡಿಸುವುದು ಲಾಭ. ಗಾಡಿ ಮಾರುವಾಗ ಎನ್‌ಸಿಬಿ ಪತ್ರ ಬರೆಸಿಕೊಳ್ಳಿ. ಬೋನಸ್ ಮಾಲೀಕರದ್ದು, ಗಾಡಿಯದ್ದಲ್ಲ. ಪತ್ರ ಮೂರು ವರ್ಷ ನಡೆಯುತ್ತದೆ. ರಿನ್ಯೂ ಮಾಡಿಸದೆ ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಗಳಿಸಿದ್ದೆಲ್ಲ ನೀರುಪಾಲು. ಕ್ಲೇಮ್ ಆಗಿದ್ದರೂ ಇಲ್ಲವೆಂದು ಟಿಕ್ ಹಾಕಿ ಬೋನಸ್ ಪಡೆದವರ ಸಂಗತಿ ಹೊರಬೀಳುವುದು ಹಾನಿ ಅಂದಾಜಿಸುವ ಸರ್ವೇಯರ್ ಬಂದಾಗ. ಆಗ ದುರಸ್ತಿಯ ಹಣಕ್ಕೇ ಕುತ್ತು.

ನೀರಿನ ವಿಷಯಕ್ಕೆ ಬೆಂಗಳೂರಿನವರು ವಿಶೇಷ ಗಮನ ಕೊಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಮುಳುಗಿದಾಗ ಬೇಸ್‌ಮೆಂಟಿನ ಕಾರುಗಳು ಸೀಟಿನ ಮಟ್ಟಕ್ಕೆ ನೀರಿನಲ್ಲಿ ನಿಂತಿದ್ದವು. ಪ್ರವಾಹದ ಹಾನಿ ಪ್ಯಾಕೇಜ್ ಪಾಲಿಸಿಯಲ್ಲೇ ಇದೆ. ಆದರೆ ನೀರು ನಿಂತ ಗಾಡಿಯ ಸ್ಟಾರ್ಟರ್ ತಿರುಗಿಸಿದರೆ ಸಿಲಿಂಡರಿಗೆ ಹೊಕ್ಕ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ನೀರಿನಿಂದಾದ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರಿಂದಾದ ಹಾನಿ ಎಂದು ಕಂಪನಿ ತಳ್ಳಿಹಾಕುತ್ತದೆ. ಝೀರೋ ಡೆಪ್ ಇಲ್ಲಿ ಕೆಲಸಕ್ಕೆ ಬಾರದು, ಎಂಜಿನ್ ಪ್ರೊಟೆಕ್ಟ್ ಕವರ್ ಬೇಕು. ಕೀ ಮುಟ್ಟಬೇಡಿ. ನೀರು ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನೀರಿನ ಗುರುತು ಕಾಣುವಂತೆ ಫೋಟೊ ತೆಗೆದು, ಟೋ ಮಾಡಿಸಿ. ಬೇಸ್‌ಮೆಂಟಿನಲ್ಲಿ ನಿಲ್ಲಿಸುವ ಕಾರಿಗೆ ಈ ಆ್ಯಡ್-ಆನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೀ ರಿಪ್ಲೇಸ್‌ಮೆಂಟ್, ಲಗೇಜ್ ಕವರ್‌ಗಳನ್ನು ಕಣ್ಣುಮುಚ್ಚಿ ಬಿಡಬಹುದು.

ಬೈಕಿನವರ ಲೆಕ್ಕ ಬೇರೆ. ಗಾಡಿ ಹಳತಾದಂತೆ ಓನ್ ಡ್ಯಾಮೇಜ್ ಬಿಟ್ಟು ಬರೀ ಥರ್ಡ್ ಪಾರ್ಟಿ ಉಳಿಸಿಕೊಳ್ಳುವುದು ವಾಡಿಕೆ. ಇಲ್ಲಿ ಏಜೆಂಟರೂ ಬಾಯಿ ಬಿಡದ ಒಂದು ತೂತಿದೆ. ಕಾನೂನಿಗೆ ಬೇಕಾದಷ್ಟೇ ಇರುವ ಪಾಲಿಸಿಯಲ್ಲಿ ಹಿಂದೆ ಕೂತವರ ಪರಿಹಾರಕ್ಕೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿಯಲ್ಲಿ ಅವರೂ ಸೇರುತ್ತಾರೆಂದು ವಿಮಾ ನಿಯಂತ್ರಕರು 2009ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದರು. ದಿನಾ ಹೆಂಡತಿಯನ್ನೋ ಮಗಳನ್ನೋ ಕೂರಿಸಿಕೊಂಡು ಹೋಗುವ ಬೈಕಿಗೆ ಪ್ಯಾಕೇಜ್ ಬಿಡುವುದು ಉಳಿತಾಯವಲ್ಲ. ಇನ್ನು ಮಾಲೀಕರ 15 ಲಕ್ಷದ ಅಪಘಾತ ವಿಮೆ ಒಬ್ಬರಿಗೆ ಒಂದು ಸಾಕು. ಮನೆಯಲ್ಲಿ ಕಾರು, ಸ್ಕೂಟರ್ ಎರಡೂ ಒಂದೇ ಹೆಸರಿನಲ್ಲಿದ್ದರೆ ಎರಡನೆಯದರಲ್ಲಿ ಆ ಟಿಕ್ ತೆಗೆಯಿರಿ.

ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ಓನ್ ಡ್ಯಾಮೇಜ್ ಕ್ಲೇಮ್ ಕಷ್ಟ. ಪೂರ್ತಿ ತಿರಸ್ಕರಿಸಿದರೆ, ಇಂಥ ಪ್ರಕರಣದಲ್ಲಿ 75%ವರೆಗೆ ಕೊಡಬಹುದೆಂಬ 2010ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡಿ. ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಿಸಬೇಕು. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಪಾಲಿಸಿ ಹೆಸರು ಬದಲಿಸಲು 14 ದಿನ.

ಕ್ಲೇಮ್ ಕಡಿತ ಅನ್ಯಾಯ ಅನ್ನಿಸಿದರೆ ಗ್ಯಾರೇಜಿನವರ ಜತೆ ವಾದ ಮಾಡಿ ಫಲವಿಲ್ಲ. ಸರ್ವೇ ವರದಿಯ ಪ್ರತಿ ಕೇಳಿ, ಯಾವ ಭಾಗಕ್ಕೆ ಎಷ್ಟು ಶೇಕಡಾ ಕಡಿದಿದ್ದಾರೆಂದು ಪಟ್ಟಿಯೊಂದಿಗೆ ತಾಳೆ ನೋಡಿ. ಲೋಹದ ಭಾಗವನ್ನು ಪ್ಲಾಸ್ಟಿಕ್ ಎಂದು ಬರೆದು 50% ಕಡಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಂತರ ಕಂಪನಿಯ ದೂರು ವಿಭಾಗಕ್ಕೆ ಇ-ಮೇಲ್ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಕರ್ನಾಟಕದವರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಪಾಲಿಸಿ, ಬಿಲ್, ಸರ್ವೇ ವರದಿ ಮತ್ತು ಕಂಪನಿಯ ಪತ್ರ ಜತೆಗಿರಲಿ.