ಶಿಕ್ಷಕರ ತರಬೇತಿ: ಕಾರ್ಯಾಗಾರ, ಆನ್‌ಲೈನ್ ಕೋರ್ಸ್, ಪಾಠಾಧ್ಯಯನ – ಯಾರಿಗೆ ಯಾವುದು?

ಸೇವೆಯಲ್ಲಿರುವ ಶಿಕ್ಷಕರು ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಿದಾಗ ಮೊದಲು ಎದುರಾಗುವುದು ಖರ್ಚು ಮತ್ತು ಸಮಯದ ಪ್ರಶ್ನೆ. ಆನ್‌ಲೈನ್ ಕೋರ್ಸನ್ನು ಬಿಡುವಾದಾಗ ಕಡಿಮೆ ವೆಚ್ಚದಲ್ಲಿ ಮಾಡಬಹುದಾದರೂ ಅರ್ಧಕ್ಕೆ ಕೈಬಿಡುವವರೇ ಹೆಚ್ಚು. ಕಾರ್ಯಾಗಾರಕ್ಕೆ ಪ್ರಯಾಣದ ಜೊತೆಗೆ, ತರಗತಿ ನೋಡಿಕೊಳ್ಳಲು ಬದಲಿ ಶಿಕ್ಷಕರೂ ಬೇಕು.

ಕಲಿತದ್ದು ತರಗತಿಯಲ್ಲಿ ಉಳಿಯುತ್ತದೆಯೇ ಎಂಬುದು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಾತು. ಜಪಾನಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ರೂಢಿಯಲ್ಲಿರುವ ಪಾಠಾಧ್ಯಯನದಲ್ಲಿ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನೇ ಗಮನಿಸುತ್ತಾರೆ. 1/2 ಮತ್ತು 1/3 ಕೂಡಿಸಿ 2/5 ಎಂದು ಬರೆದ ಮಗು ಅಂಶ, ಛೇದಗಳನ್ನು ಬೇರೆಬೇರೆಯಾಗಿ ಕೂಡಿಸಿದೆ ಎಂಬುದನ್ನು ಪಕ್ಕದಲ್ಲಿ ನಿಂತು ಕಂಡವರು ಮುಂದಿನ ಪಾಠವನ್ನೇ ಬೇರೆ ರೀತಿಯಲ್ಲಿ ಕಟ್ಟುತ್ತಾರೆ. ಆದರೆ ಇದಕ್ಕೆ ವೇಳಾಪಟ್ಟಿಯಲ್ಲಿ ಜಾಗವೂ, ಪರಸ್ಪರ ನಂಬಿಕೆಯೂ ಇರಲೇಬೇಕು. ಮುಖ್ಯಶಿಕ್ಷಕರು ಪಾಠಾಧ್ಯಯನವನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಬಳಸಿದರೆ ನಂಬಿಕೆ ಉಳಿಯುವುದಿಲ್ಲ.

ಪಠ್ಯಕ್ರಮ ಬದಲಾದಾಗ, ಹೊಸ ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿಯಬೇಕಾದಾಗ ಕಾರ್ಯಾಗಾರವೇ ಸರಿ. ವಿಷಯಜ್ಞಾನದ ಕೊರತೆ ತುಂಬಿಕೊಳ್ಳಲು ಆನ್‌ಲೈನ್ ಕೋರ್ಸ್ ಸಾಕಾಗಬಹುದು. ವಿಷಯ ಗೊತ್ತಿದ್ದೂ ಮಕ್ಕಳಿಗೆ ಏಕೆ ತಲುಪುತ್ತಿಲ್ಲವೆಂದು ಕೊರಗುವವರಿಗೆ ಪಾಠಾಧ್ಯಯನವನ್ನೇ ಸೂಚಿಸುತ್ತೇನೆ. ಶಾಲೆಯಲ್ಲಿ ಆ ವಿಷಯಕ್ಕೆ ಒಬ್ಬರೇ ಶಿಕ್ಷಕರಿದ್ದರೆ, ನೆರೆಯ ಶಾಲೆಯ ಜೊತೆಗಾರರೊಡನೆ ಸೇರಿ ಆನ್‌ಲೈನ್ ಕೋರ್ಸ್ ಮಾಡುವುದು ಲೇಸು.