ಎನ್‌ಡಿ-ಗೇನ್ ಸೂಚ್ಯಂಕ: ದೇಶದ ಲೆಕ್ಕಕ್ಕೆ ಸೈ, ಉಳ್ಳಾಲದ ಲೆಕ್ಕಕ್ಕೆ ಸಾಲದು

ಹವಾಮಾನದ ಹೊಡೆತಕ್ಕೆ ಒಂದು ದೇಶ ಎಷ್ಟು ಸುಲಭವಾಗಿ ನಲುಗುತ್ತದೆ, ಆ ಸ್ಥಿತಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ನೋಡಲು ಪುಕ್ಕಟೆಯಾಗಿ ಸಿಗುವ ಸಾಧನಗಳಲ್ಲಿ ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಎನ್‌ಡಿ-ಗೇನ್ ಮುಖ್ಯವಾದದ್ದು. 180ಕ್ಕೂ ಹೆಚ್ಚು ದೇಶಗಳು, 1995ರಿಂದ ಈಚಿನ ಅಂಕಗಳು, ಲಾಗಿನ್ ಬೇಡ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಕಡಲ್ಕೊರೆತದ ಬಗ್ಗೆಯೋ ಕುಡಿಯುವ ನೀರಿನ ಬಗ್ಗೆಯೋ ಪ್ರಾಜೆಕ್ಟ್ ಮಾಡುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ಆದರೆ ಗ್ರಾಫ್ ಓದುವ ಕ್ರಮ ಗೊತ್ತಿರಬೇಕು. ತಪ್ಪಾಗುವುದು ಅಲ್ಲೇ.

ಒಟ್ಟು 45 ಸೂಚಕಗಳು. ಅದರಲ್ಲಿ 36 ದುರ್ಬಲತೆಗೆ, 9 ಸಿದ್ಧತೆಗೆ, ಅಂದರೆ ಹೊಂದಿಕೊಳ್ಳಲು ಬೇಕಾದ ಹೂಡಿಕೆಯನ್ನು ಬಳಸಿಕೊಳ್ಳಲು ದೇಶ ಎಷ್ಟು ಅಣಿಯಾಗಿದೆ ಎನ್ನುವುದಕ್ಕೆ. ದುರ್ಬಲತೆಯ ಲೆಕ್ಕ ಹೀಗೆ: ಆಹಾರ, ನೀರು, ಆರೋಗ್ಯ, ಪರಿಸರ ವ್ಯವಸ್ಥೆ, ವಸತಿ, ಮೂಲಸೌಕರ್ಯ ಎಂಬ ಆರು ವಲಯಗಳಿಗೆ ತಲಾ ಆರು ಸೂಚಕ. ಆ ಆರರಲ್ಲಿ ಎರಡು ಅಪಾಯ ಎಷ್ಟು ಎದುರಿಗಿದೆ ಎನ್ನುವುದಕ್ಕೆ, ಎರಡು ಅದರ ಪೆಟ್ಟು ಎಷ್ಟು ತಾಗುತ್ತದೆ ಎನ್ನುವುದಕ್ಕೆ, ಇನ್ನೆರಡು ಹೊಂದಿಕೊಳ್ಳುವ ಸಾಮರ್ಥ್ಯಕ್ಕೆ. ನೀರಿನ ವಲಯವನ್ನೇ ನೋಡಿ: ಹರಿವು ಮತ್ತು ಅಂತರ್ಜಲ ಮರುಪೂರಣದಲ್ಲಿ ಮುಂದೆ ಆಗಬಹುದಾದ ಬದಲಾವಣೆ ಅಪಾಯದ ಲೆಕ್ಕಕ್ಕೆ ಬರುತ್ತದೆ. ಸಿಹಿನೀರನ್ನು ಎಷ್ಟು ಎತ್ತುತ್ತೇವೆ, ದೇಶದ ಹೊರಗಿನಿಂದ ಹರಿದು ಬರುವ ನೀರನ್ನು ಎಷ್ಟು ನೆಚ್ಚಿಕೊಂಡಿದ್ದೇವೆ ಎನ್ನುವುದು ಪೆಟ್ಟಿನ ಲೆಕ್ಕಕ್ಕೆ. ಅಣೆಕಟ್ಟುಗಳ ಸಂಗ್ರಹ, ನಂಬಬಹುದಾದ ಕುಡಿಯುವ ನೀರು ಸಾಮರ್ಥ್ಯದ ಲೆಕ್ಕಕ್ಕೆ.

ಈಗ ಮುಖ್ಯ ಮಾತು. ಅಪಾಯದ ಸೂಚಕಗಳೆಲ್ಲ ಮುಂದಿನ ದಶಕಗಳ ಮುನ್ನೋಟದಿಂದ ತೆಗೆದವು. ಹಾಗಾಗಿ 1995ಕ್ಕೂ ಇಂದಿಗೂ ಅದೇ ಒಂದು ಅಂಕ. ವರ್ಷದಿಂದ ವರ್ಷಕ್ಕೆ ದುರ್ಬಲತೆಯ ಗೆರೆ ಇಳಿದರೆ ಮಳೆ-ಬಿಸಿಲು ಸೌಮ್ಯವಾಯಿತು ಎಂದಲ್ಲ; ವಿದ್ಯುತ್, ನೀರು, ಆರೋಗ್ಯದಂಥ ಸೌಕರ್ಯ ಸುಧಾರಿಸಿತು ಎಂದರ್ಥ. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ನೆರೆಯಲ್ಲಿ ಮುಳುಗಿತು, 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರವನ್ನು ಕೊರೆದು ಹೋಯಿತು. ಎರಡನ್ನೂ ಭಾರತದ ಗೆರೆಯಲ್ಲಿ ಹುಡುಕಬೇಡಿ. ಅಂಥ ಘಟನೆ ಹಿಡಿಯಲು ಇದನ್ನು ಕಟ್ಟಿಲ್ಲ. ಆಗಿಹೋದ ಸಾವು-ನಷ್ಟದ ಲೆಕ್ಕ ಬೇಕಿದ್ದರೆ ಜರ್ಮನಿಯ ಸ್ವಯಂಸೇವಾ ಸಂಸ್ಥೆ ಜರ್ಮನ್‌ವಾಚ್‌ನ ಕ್ಲೈಮೇಟ್ ರಿಸ್ಕ್ ಇಂಡೆಕ್ಸ್ ನೋಡಬೇಕು.

ಬಳಸುವ ಕ್ರಮ ಸರಳ. ಜಿಪ್ ಫೈಲ್ ಇಳಿಸಿ ಬಿಚ್ಚಿ, ದುರ್ಬಲತೆಯ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ಸಾಲಿಗೊಂದು ದೇಶ, ಕಾಲಂಗೊಂದು ವರ್ಷ. ಭಾರತದ ಸಾಲು ಹುಡುಕಿ. ದುರ್ಬಲತೆಯ ಅಂಕ 0ರಿಂದ 1ರೊಳಗೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಸಿದ್ಧತೆಯದೂ 0ರಿಂದ 1, ಅದು ಮಾತ್ರ ಹೆಚ್ಚಿದ್ದಷ್ಟೂ ಒಳ್ಳೆಯದು. ಎರಡನ್ನೂ ಒಂದೇ ಗ್ರಾಫಿನಲ್ಲಿ ಎಳೆದು ಎರಡೂ ಏರಬೇಕೆಂದು ಓದಿದರೆ ಅರ್ಥ ತಲೆಕೆಳಗು. ಒಟ್ಟು ಅಂಕಕ್ಕೆ ಸಿದ್ಧತೆಯಲ್ಲಿ ದುರ್ಬಲತೆ ಕಳೆದು, 1 ಕೂಡಿಸಿ, 50ರಿಂದ ಗುಣಿಸಿ. ಸಿದ್ಧತೆ 0.40, ದುರ್ಬಲತೆ 0.50 ಎಂದಿಟ್ಟುಕೊಂಡರೆ ಬರುವುದು 45.

ರ‍್ಯಾಂಕನ್ನು ನೆಚ್ಚಬೇಡಿ. ನಾವು ಇದ್ದಲ್ಲೇ ಇದ್ದರೂ ಅಕ್ಕಪಕ್ಕದವರು ಸರಿದಾಡಿದರೆ ರ‍್ಯಾಂಕ್ ಬದಲಾಗುತ್ತದೆ. ಇನ್ನೊಂದು, ಹಳೆಯ ಆವೃತ್ತಿಯ ಅಂಕಿಯನ್ನು ಹೊಸ ಆವೃತ್ತಿಯ ಅಂಕಿಗೆ ಅಂಟಿಸಿ ಗ್ರಾಫ್ ಮಾಡಬಾರದು. ಹೊಸ ಬಿಡುಗಡೆಯಲ್ಲಿ ಹಿಂದಿನ ವರ್ಷಗಳ ಅಂಕವೂ ಮರುಲೆಕ್ಕವಾಗಿರುತ್ತದೆ. ಇಡೀ ಸರಣಿಯನ್ನು ಒಂದೇ ಬಿಡುಗಡೆಯಿಂದ ತೆಗೆಯಿರಿ, ಯಾವ ವರ್ಷದ್ದೆಂದು ಅಡಿಯಲ್ಲಿ ಬರೆಯಿರಿ.

ಮಾಹಿತಿ ಇಲ್ಲದ ವರ್ಷಗಳನ್ನು ಹೇಗೆ ತುಂಬಿದ್ದಾರೆ ಎಂಬುದನ್ನೂ ನೋಡಬೇಕು. ಎರಡು ವರ್ಷಗಳ ನಡುವೆ ಖಾಲಿಯಿದ್ದರೆ ನೇರ ಗೆರೆ, ತುದಿಯಲ್ಲಿ ಖಾಲಿಯಿದ್ದರೆ ಹತ್ತಿರದ ಅಂಕಿಯೇ ಮುಂದುವರಿಯುತ್ತದೆ. ಹಾಗಾಗಿ ಒಂದು ಸೂಚಕ ನಾಲ್ಕೈದು ವರ್ಷ ಅಲುಗದೆ ಮಲಗಿದ್ದರೆ ಅದು ಸ್ಥಿರತೆಯಲ್ಲ, ಮಾಹಿತಿಯ ಕೊರತೆ ಇರಬಹುದು. ಸೂಚಕವಾರು ಕಚ್ಚಾ ಅಂಕಿಯ ಫೈಲನ್ನೂ ಕೊಟ್ಟಿರುವುದು ಈ ಸೂಚ್ಯಂಕದ ದೊಡ್ಡಗುಣ; ಅದನ್ನು ತೆರೆದು ಪಕ್ಕದಲ್ಲಿಟ್ಟರೆ ಅನುಮಾನ ಬಗೆಹರಿಯುತ್ತದೆ. ಆರ್ಥಿಕ ಸಿದ್ಧತೆಯ ಅಂಕ ನಿಂತಿದ್ದದ್ದು ವ್ಯಾಪಾರ ನಡೆಸುವುದು ಎಷ್ಟು ಸುಲಭ ಎಂದು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ಡೂಯಿಂಗ್ ಬಿಸಿನೆಸ್ ವರದಿಯ ಅಂಕಿಗಳ ಮೇಲೆ. ಆ ವರದಿಯೇ 2021ರಲ್ಲಿ ನಿಂತುಹೋಯಿತು. ಸಿದ್ಧತೆಯ ಗೆರೆಯನ್ನು ಅಲ್ಲಿಂದಾಚೆ ಎಚ್ಚರದಿಂದ ಓದಿ.

ಶ್ರೀಮಂತ ದೇಶಕ್ಕೆ ಅಂಕ ತಾನಾಗಿಯೇ ಚೆನ್ನಾಗಿ ಬರುತ್ತದೆ. ಅದಕ್ಕೆಂದೇ ತಲಾ ಆದಾಯಕ್ಕೆ ಹೊಂದಿಸಿದ ಇನ್ನೊಂದು ಪಟ್ಟಿ ಇದೆ. ಭಾರತವನ್ನು ಯುರೋಪಿನ ಜೊತೆ ಹೋಲಿಸುವಾಗ ಅದೂ ಪಕ್ಕದಲ್ಲಿರಲಿ. ಯುರೋಪಿಯನ್ ಆಯೋಗದ ಇನ್‌ಫಾರ್ಮ್ ರಿಸ್ಕ್ ಸೂಚ್ಯಂಕ 0ರಿಂದ 10ರ ಅಂಕ ಕೊಡುತ್ತದೆ, ಆದರೆ ಭೂಕಂಪ, ಸಂಘರ್ಷವೂ ಅದರಲ್ಲಿ ಸೇರಿರುವುದರಿಂದ ಹವಾಮಾನವೊಂದನ್ನೇ ನೋಡುವವರಿಗೆ ಒಗ್ಗದು.

ನಮ್ಮ ಊರಿನ ಮಟ್ಟಿಗೆ ದೊಡ್ಡ ಕೊರತೆಯೆಂದರೆ ಭಾರತ ಇಲ್ಲಿ ಒಂದೇ ಸಾಲು. ರಾಜಸ್ಥಾನದ ಮರಳೂ ನೇತ್ರಾವತಿಯ ಅಳಿವೆಯೂ ಅದೇ ಒಂದು ಅಂಕದೊಳಗೆ. ಮೂಲಸೌಕರ್ಯದ ವಲಯದಲ್ಲಿ ಸಮುದ್ರಮಟ್ಟದಿಂದ 5 ಮೀಟರ್ ಒಳಗೆ ವಾಸಿಸುವ ಜನರ ಪಾಲನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಕರಾವಳಿಗೆ ಹತ್ತಿರದ ಸೂಚಕ ಇದು, ಆದರೆ ಇಡೀ ದೇಶದ ಜನಸಂಖ್ಯೆಯಲ್ಲಿ ಭಾಗಿಸಿದಾಗ ಮಂಗಳೂರಿನ ಪಕ್ಕದ ಉಳ್ಳಾಲದ ಮನೆಗಳು ಎಲ್ಲೋ ಕರಗಿಹೋಗುತ್ತವೆ. ತುಂಬೆಯ ಕಿಂಡಿ ಅಣೆಕಟ್ಟು ಬತ್ತಿ ಮಂಗಳೂರಿಗೆ ಎರಡು ದಿನಕ್ಕೊಮ್ಮೆ ನೀರು ಬಿಟ್ಟರೂ, ಹಿನ್ನೀರಿನ ಪಕ್ಕದ ಬಾವಿಗೆ ಉಪ್ಪು ಹತ್ತಿದರೂ ಅಷ್ಟೇ.

ತೀರದ ಅಳತೆಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ 2012ರಲ್ಲಿ ಹೊರತಂದ ಕರಾವಳಿ ದುರ್ಬಲತೆಯ ಅಟ್ಲಾಸ್ ಹಿಡಿಯಿರಿ. ತೀರರೇಖೆಯ ಸರಿದಾಟ, ಸಮುದ್ರಮಟ್ಟದ ಏರಿಕೆ, ಎತ್ತರ, ಇಳಿಜಾರು, ಭೂರೂಪ, ಅಲೆಯ ಎತ್ತರ, ಉಬ್ಬರವಿಳಿತ ಎಂಬ ಏಳು ಅಂಶ ಅದರಲ್ಲಿವೆ. ಮೀನುಗಾರರ ಬದುಕು, ಮನೆ, ಆದಾಯ ಅದರಲ್ಲಿಲ್ಲ. ಜಿಲ್ಲಾಮಟ್ಟಕ್ಕೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2021ರ ಹವಾಮಾನ ದುರ್ಬಲತೆಯ ವರದಿಯಿದೆ, ಆದರೆ ಅದು ಒಂದು ಹೊತ್ತಿನ ಚಿತ್ರ. ಕಾಲದ ಗೆರೆ ಎಳೆಯಲು ಆಗದು. ಕಾಲದ ಗೆರೆಗೆ ಎನ್‌ಡಿ-ಗೇನ್, ಜಾಗದ ವಿವರಕ್ಕೆ ಇವೆರಡು: ಮೂರನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಒಂದೊಂದರದು ಒಂದೊಂದು ಅಳತೆಗೋಲು.

ಈ ಸೂಚ್ಯಂಕಕ್ಕೆ ನಮ್ಮ ಅಂಕ: 5ಕ್ಕೆ 4.