ಕಾಡು ಕಲಿಸುವ ಪುಸ್ತಕ, ಕೊನೆಯಲ್ಲಿ ಕೈಕೊಟ್ಟಿತು: ‘ದ ಸೈನ್ ಆಫ್ ದ ಬೀವರ್’

ಅಕ್ಕನ ಮಗಳಿಗೆ ಹತ್ತು ವರ್ಷ. ಇಂಗ್ಲಿಷ್ ಚೆನ್ನಾಗಿಯೇ ಓದುತ್ತಾಳೆ. ಆದರೆ ಮಲಗುವ ಹೊತ್ತಿನ ಕಥೆ ಮಾತ್ರ ಕನ್ನಡದಲ್ಲೇ ಆಗಬೇಕು, ಅದೂ ನನ್ನ ಬಾಯಿಂದಲೇ. ಹಾಗಾಗಿ ಕೈಯಲ್ಲಿ ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಕನ್ನಡ. ಈ ರಜೆಯಲ್ಲಿ ಹಾಗೆ ಓದಿದ್ದು ಎಲಿಜಬೆತ್ ಜಾರ್ಜ್ ಸ್ಪಿಯರ್ ಅವರ ‘ದ ಸೈನ್ ಆಫ್ ದ ಬೀವರ್’. 1983ರಲ್ಲಿ ಬಂದ ಪುಸ್ತಕ, ಮರುವರ್ಷವೇ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಗೌರವ ಸಿಕ್ಕಿದೆ. ತೆಳ್ಳಗಿದೆ, ಅಧ್ಯಾಯಗಳೂ ಚಿಕ್ಕವು. ‘ಇನ್ನೊಂದೇ ಒಂದು, ಮಾಮಾ’ ಎಂದಾಗ ಇಲ್ಲ ಅನ್ನೋದು ಕಷ್ಟ.

ಕಥೆ ನಡೆಯುವುದು 1768ರಲ್ಲಿ, ಅಮೆರಿಕದ ಮೇನ್ ಕಾಡಿನಲ್ಲಿ. ಆಗಿನ್ನೂ ಮೇನ್ ಬೇರೆ ರಾಜ್ಯ ಅಲ್ಲ, ಮ್ಯಾಸಚೂಸೆಟ್ಸ್‌ಗೆ ಸೇರಿದ ಜಾಗ. ಅಪ್ಪ, ಮಗ ಇಬ್ಬರೂ ಸೇರಿ ಮರದ ದಿಮ್ಮಿ ಜೋಡಿಸಿ ಮನೆ ಕಟ್ಟುತ್ತಾರೆ, ಮರ ಕಡಿದು ಉಳಿದ ಬೊಡ್ಡೆಗಳ ನಡುವೆ ಮುಸುಕಿನ ಜೋಳ ಹಾಕುತ್ತಾರೆ. ಆಮೇಲೆ ಅಪ್ಪ, ಅಮ್ಮನನ್ನೂ ತಂಗಿಯನ್ನೂ ಕರೆತರಲು ತಮ್ಮ ಹಳೆಯ ಊರು ಕ್ವಿನ್ಸಿಗೆ ಹೊರಡುತ್ತಾನೆ. ಹದಿಮೂರು ಇನ್ನೂ ತುಂಬದ ಮ್ಯಾಟ್ ಒಬ್ಬನೇ ಮನೆ ಕಾಯಬೇಕು. ಅವನ ಬಳಿ ಇರುವುದು ಒಂದು ಕೋವಿ, ಅಪ್ಪನ ಬೆಳ್ಳಿ ಗಡಿಯಾರ, ಒಂದಿಷ್ಟು ಹಿಟ್ಟು ಮತ್ತು ಕಾಕಂಬಿ. ದಿನಕ್ಕೊಂದು ಕಚ್ಚಿನಂತೆ ಕಡ್ಡಿಯ ಮೇಲೆ ಗುರುತು ಹಾಕುತ್ತಾ ಹೋಗಬೇಕು. ಏಳು ಕಡ್ಡಿ ತುಂಬಿದರೆ ಏಳು ವಾರ. ಅಷ್ಟರಲ್ಲಿ ಅಪ್ಪ ಬರುತ್ತಾನೆ.

ಬರುವುದಿಲ್ಲ, ಬಿಡಿ. ಆ ಕಡ್ಡಿಗಳ ಲೆಕ್ಕ ನಮ್ಮ ಹುಡುಗಿಗೆ ಎಷ್ಟು ಹಿಡಿಸಿತು ಅಂದರೆ, ಅವಳ ಒಂದು ಪೆನ್ಸಿಲ್ ಪೂರ್ತಿ ಕಚ್ಚಾಗಿಹೋಯಿತು.

ಮೊದಲ ಭಾಗದಲ್ಲಿ ಹುಡುಗ ಒಂದೊಂದೇ ಕಳೆದುಕೊಳ್ಳುತ್ತಾನೆ. ದಾರಿಹೋಕನೊಬ್ಬ ಬಂದು, ಹೊಟ್ಟೆ ತುಂಬಾ ತಿಂದು, ಬೆಳಗಾಗುವಷ್ಟರಲ್ಲಿ ಕೋವಿ ಎತ್ತಿಕೊಂಡು ಮಾಯ. ಬಾಗಿಲಿಗೆ ಅಗುಳಿ ಹಾಕಲು ಮರೆತ ದಿನ ಕರಡಿ ನುಗ್ಗಿ ಹಿಟ್ಟು, ಕಾಕಂಬಿ ಎಲ್ಲ ಹಾಳು ಮಾಡುತ್ತದೆ. ಸಿಹಿ ತಿನ್ನುವ ಆಸೆಗೆ ಜೇನಿರುವ ಮರ ಹತ್ತಿ, ಹುಳ ಮುತ್ತಿಕೊಂಡು, ಹಳ್ಳಕ್ಕೆ ಬಿದ್ದು, ಒಂದು ಬೂಟನ್ನೂ ಕಳೆದುಕೊಳ್ಳುತ್ತಾನೆ. ಕಾಲು ಉಳುಕುತ್ತದೆ. ಅವನನ್ನು ನೀರಿನಿಂದ ಎತ್ತುವವರು ಸ್ಯಾಕ್ನಿಸ್ ಎಂಬ ಮುದುಕ ಮತ್ತು ಅವನ ಮೊಮ್ಮಗ ಅಟಿಯನ್. ಪೆನಾಬ್‌ಸ್ಕಾಟ್ ಎಂಬ ಮೂಲನಿವಾಸಿ ಜನರಲ್ಲಿ ಬೀವರ್ ಕುಲದವರು. ಬೀವರ್ ಅಂದರೆ ತೊರೆಗಳಿಗೆ ಕಟ್ಟೆ ಕಟ್ಟುವ ಒಂದು ಪ್ರಾಣಿ. ಅವರ ಬೇಟೆಯ ಜಾಗಕ್ಕೆ ಮರಗಳ ಮೇಲೆ ಕೆತ್ತಿದ ಬೀವರ್ ಗುರುತೇ ಗಡಿ. ಪುಸ್ತಕದ ಹೆಸರು ಬಂದದ್ದು ಅಲ್ಲಿಂದಲೇ.

ಕೃತಜ್ಞತೆಗೆ ಮ್ಯಾಟ್ ತನ್ನ ಬಳಿ ಇರುವ ಎರಡೇ ಪುಸ್ತಕಗಳಲ್ಲಿ ಒಂದಾದ ‘ರಾಬಿನ್ಸನ್ ಕ್ರೂಸೋ’ವನ್ನು ಮುದುಕನಿಗೆ ಕೊಡುತ್ತಾನೆ. ಕೊಟ್ಟ ಮೇಲೆ ಗೊತ್ತಾಗುತ್ತದೆ, ಅವನಿಗೆ ಓದಲು ಬರುವುದಿಲ್ಲ. ಮುದುಕ ಅಲ್ಲೇ ಒಪ್ಪಂದ ಮಾಡಿಕೊಳ್ಳುತ್ತಾನೆ. ನೀನು ಮೊಮ್ಮಗನಿಗೆ ಓದಲು ಕಲಿಸು, ಅವನು ನಿನಗೆ ಬೇಟೆ ತಂದುಕೊಡುತ್ತಾನೆ. ಬಿಳಿಯರು ಕಾಗದ ತೋರಿಸಿ ಗುರುತು ಹಾಕಿಸಿಕೊಂಡು ಆಮೇಲೆ ಜಮೀನು ಕಿತ್ತುಕೊಳ್ಳುತ್ತಾರೆ. ಆ ಕಾಗದ ಓದಲು ತಮ್ಮಲ್ಲೂ ಒಬ್ಬನಿಗೆ ಬರಬೇಕು. ಅದು ಅವನ ಲೆಕ್ಕ. ದೂರದೃಷ್ಟಿಯ ಮುದುಕ.

ಪುಸ್ತಕದ ಜೀವ ಇರುವುದು ಇಲ್ಲಿಂದ ಮುಂದೆ. ಮೇಷ್ಟ್ರಾಗಿ ಶುರುವಾದ ಮ್ಯಾಟ್ ನಾಲ್ಕು ದಿನದಲ್ಲಿ ಶಿಷ್ಯನಾಗುತ್ತಾನೆ. ಗಾಳ ಕಳೆದುಹೋಯಿತಾ? ಅಟಿಯನ್ ಒಂದು ಕಡ್ಡಿ ಮುರಿದು, ಎರಡೂ ತುದಿ ಚೂಪು ಮಾಡಿ ದಾರ ಕಟ್ಟುತ್ತಾನೆ. ಮೊಲ ಬೇಕಾ? ಮರದ ಬೇರಿನಲ್ಲೇ ಉರುಲು ಹೆಣೆಯುತ್ತಾನೆ. ಪೇಟೆಯಿಂದ ತಂದ ವಸ್ತು ಒಂದೊಂದಾಗಿ ಹೋದಂತೆ ಕಾಡಿನ ವಸ್ತು ಒಂದೊಂದಾಗಿ ಅವನ ಕೈಗೆ ಬರುತ್ತದೆ. ಸ್ಪಿಯರ್ ಇದನ್ನು ಎಲ್ಲೂ ಹೇಳಿ ತೋರಿಸುವುದಿಲ್ಲ, ಸುಮ್ನೆ ಕೆಲಸ ಮಾಡಿಸುತ್ತಾರೆ. ಇಬ್ಬರೂ ಬೇಗ ಗೆಳೆಯರಾಗುವುದಿಲ್ಲ ಅನ್ನುವುದೂ ನನಗೆ ಇಷ್ಟ. ಅಟಿಯನ್‌ಗೆ ಈ ಹುಡುಗನನ್ನು ಕಂಡರೆ ಆಗುವುದೇ ಇಲ್ಲ. ಯಾಕೆ ಅಂತ ತಡವಾಗಿ ಗೊತ್ತಾಗುತ್ತದೆ: ಅವನ ತಾಯಿಯನ್ನು ಬಿಳಿಯರು ನೆತ್ತಿಚರ್ಮದ ಇನಾಮಿಗಾಗಿ, ಅಂದರೆ ಕೊಂದವರ ತಲೆಯ ಚರ್ಮ ಸುಲಿದು ತಂದರೆ ಸಿಗುವ ದುಡ್ಡಿಗಾಗಿ, ಕೊಂದಿದ್ದಾರೆ.

ಇದು ಕಟ್ಟುಕಥೆಯಲ್ಲ. 1755ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರವೇ ಪೆನಾಬ್‌ಸ್ಕಾಟ್ ಜನರ ಮೇಲೆ ಇನಾಮು ಘೋಷಿಸಿತ್ತು. ಹೆಂಗಸಿನದ್ದಾಗಲಿ, ಹನ್ನೆರಡು ವರ್ಷದೊಳಗಿನ ಹುಡುಗನದ್ದಾಗಲಿ, ಒಂದು ನೆತ್ತಿಚರ್ಮಕ್ಕೆ 20 ಪೌಂಡ್. ಇದನ್ನು ಹತ್ತು ವರ್ಷದವಳಿಗೆ ಹೇಳಬೇಕಾ ಬೇಡವಾ ಅಂತ ಒಂದು ಕ್ಷಣ ತಡವರಿಸಿದೆ. ‘ಸರ್ಕಾರ ದುಡ್ಡು ಕೊಡುತ್ತಿತ್ತು’ ಅಂದೆ, ಮೊತ್ತ ಹೇಳಲಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಅಧ್ಯಾಯ ಕ್ರೂಸೋ ಓದುವುದು. ದ್ವೀಪದಲ್ಲಿ ಕ್ರೂಸೋನಿಂದ ಜೀವ ಉಳಿದ ಮೂಲನಿವಾಸಿ ಫ್ರೈಡೇ ಮಂಡಿಯೂರಿ ಕ್ರೂಸೋನ ಪಾದವನ್ನು ತನ್ನ ತಲೆಯ ಮೇಲೆ ಇಟ್ಟುಕೊಳ್ಳುವ ಜಾಗ ಬಂದಾಗ ಅಟಿಯನ್ ಸಿಡಿದೇಳುತ್ತಾನೆ. ನಮ್ಮವರು ಯಾರೂ ಬಿಳಿಯನ ಮುಂದೆ ಹಾಗೆ ಬೀಳುವುದಿಲ್ಲ ಅನ್ನುತ್ತಾನೆ. ಅಷ್ಟು ಸಲ ಓದಿದ ಪುಸ್ತಕದಲ್ಲಿ ಮ್ಯಾಟ್‌ಗೆ ಅದು ಕಂಡೇ ಇರಲಿಲ್ಲ. ಆಮೇಲೆ ಅವನು ಅಂಥ ಸಾಲುಗಳನ್ನು ಮೆಲ್ಲಗೆ ಹಾರಿಸಿ ಓದುತ್ತಾನೆ.

ಓದುತ್ತಾ ಓದುತ್ತಾ ನಗು ಬಂತು. ಯಾಕಂದರೆ ಅಷ್ಟು ಹೊತ್ತಿಗೆ ಸ್ಪಿಯರ್ ಪುಸ್ತಕಕ್ಕೆ ನಾನೂ ಅದನ್ನೇ ಮಾಡುತ್ತಿದ್ದೆ. ಅಟಿಯನ್ ಬಾಯಲ್ಲಿ ಅವರು ಹಾಕಿರುವ ಇಂಗ್ಲಿಷ್ ಮುರುಕು ಇಂಗ್ಲಿಷ್. ಮೊದಲ ರಾತ್ರಿ ನಾನೂ ಮುರುಕು ಕನ್ನಡದಲ್ಲೇ ಹೇಳಿದೆ, ‘ನಾನು ಹೋಗುವುದು, ನೀನು ಕಲಿಯುವುದು’ ಅಂತ. ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು, ‘ಅವನ ಮನೇಲೂ ಹೀಗೇ ಮಾತಾಡ್ತಾನಾ ಮಾಮಾ?’ ಮರುದಿನದಿಂದ ಅಟಿಯನ್ ನಮ್ಮ ಮನೆಯಲ್ಲಿ ಸರಿಯಾದ ಕನ್ನಡ ಮಾತಾಡಿದ. ಕಾಡು ಅವನದು, ಕಲಿಸುವವನು ಅವನು. ಅಂಥವನನ್ನು ಮಗುವಿನ ಮುಂದೆ ಪೆದ್ದನ ಹಾಗೆ ಕೇಳಿಸೋದು ಯಾಕೆ, ಅಲ್ವಾ? ಇನ್ನು ಹೊಲದ ಕೆಲಸವನ್ನು ಹೀಗಳೆಯುವಾಗ ಅವನು ಬಳಸುವ ‘ಸ್ಕ್ವಾ’ ಎಂಬ ಪದ. ಅಲ್ಲಿನ ಮೂಲನಿವಾಸಿ ಹೆಂಗಸರಿಗೆ ಅದು ಬೈಗುಳ. ಮೇನ್ ರಾಜ್ಯ 2000ದಲ್ಲಿ ಬೆಟ್ಟ, ಕೆರೆಗಳ ಹೆಸರಿನಿಂದ ಆ ಪದ ತೆಗೆಯಲು ಕಾನೂನನ್ನೇ ಮಾಡಿತು. ‘ಹೆಂಗಸರ ಕೆಲಸ’ ಅಂದು ಮುಂದೆ ಹೋದೆ. ಅದಕ್ಕೂ ಮುಖ ಸಿಂಡರಿಸಿದಳು, ಅದು ಬೇರೆ ಜಗಳ.

ನನ್ನ ದೊಡ್ಡ ತಕರಾರು ಕೊನೆಯ ಬಗ್ಗೆ. ಬಿಳಿಯರು ಜಾಸ್ತಿಯಾಗುತ್ತಿದ್ದಾರೆ, ಬೇಟೆ ಸಿಗುತ್ತಿಲ್ಲ ಅಂತ ಇಡೀ ಕುಲ ಉತ್ತರಕ್ಕೆ ಹೊರಟುಬಿಡುತ್ತದೆ. ಮ್ಯಾಟ್‌ನನ್ನೂ ಕರೆಯುತ್ತಾರೆ, ಅವನು ಹೋಗುವುದಿಲ್ಲ. ಅಟಿಯನ್ ತನ್ನ ನಾಯಿಯನ್ನು ಬಿಟ್ಟು ಹೋಗುತ್ತಾನೆ, ಮ್ಯಾಟ್ ಗಡಿಯಾರ ಕೊಡುತ್ತಾನೆ. ಆ ಪುಟ ಓದುವಾಗ ನನ್ನ ಗಂಟಲೂ ಕಟ್ಟಿತು, ಸುಳ್ಳು ಯಾಕೆ ಹೇಳಲಿ. ಹಿಮ ಬಿದ್ದ ಮೇಲೆ ಮ್ಯಾಟ್‌ನ ಮನೆಯವರು ಬರುತ್ತಾರೆ. ಇನ್ನಷ್ಟು ಸಂಸಾರಗಳು ಬರಲಿವೆ ಅಂತ ಅಪ್ಪ ಖುಷಿಯಲ್ಲಿ ಹೇಳುತ್ತಾನೆ. ಪುಸ್ತಕ ಮುಚ್ಚಿದಾಗ ಕಾಡು ಖಾಲಿ, ಜಾಗ ಬಂದವರದ್ದು, ಯಾರ ಮೇಲೂ ತಪ್ಪಿಲ್ಲ. ಇಷ್ಟು ಸಲೀಸಾಗಿ?

ಆ ಜನ ಎಲ್ಲೂ ಮಾಯವಾಗಲಿಲ್ಲ. ಪೆನಾಬ್‌ಸ್ಕಾಟ್ ನದಿಯ ನಡುವಿನ ಇಂಡಿಯನ್ ಐಲ್ಯಾಂಡ್‌ನಲ್ಲಿ ಇವತ್ತಿಗೂ ಇದ್ದಾರೆ. ಮ್ಯಾಸಚೂಸೆಟ್ಸ್ 1796ರಲ್ಲಿ, ಮತ್ತೆ 1818ರಲ್ಲಿ ಒಪ್ಪಂದ ಮಾಡಿಕೊಂಡು ಅವರ ಜಮೀನು ತೆಗೆದುಕೊಂಡಿತ್ತು. ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದ ಅಂಥ ಕಾಗದ ಕಾನೂನಿನಂತೆ ನಿಲ್ಲುವುದಿಲ್ಲ ಅಂತ ಅವರೂ ನೆರೆಯ ಪಸ್ಸಮಕ್ವಾಡಿ ಜನರೂ ಹೋರಾಡಿದರು. 1980ರಲ್ಲಿ 8 ಕೋಟಿ 15 ಲಕ್ಷ ಡಾಲರ್‌ನ ರಾಜಿ ಕಾಯಿದೆಯೇ ಬಂತು. ಸ್ಯಾಕ್ನಿಸ್ ಹೆದರಿದ್ದು ಇಂಥ ಕಾಗದಕ್ಕೇ. ಈ ಪುಸ್ತಕ ಬಂದದ್ದು ಅದಾದ ಮೂರು ವರ್ಷಕ್ಕೆ! ಮುದುಕನ ಬಾಯಲ್ಲಿ ಅಷ್ಟು ಒಳ್ಳೆಯ ಮಾತು ಹಾಕಿದ ಲೇಖಕಿ ಕೊನೆಯಲ್ಲಿ ಅದನ್ನೇ ಮರೆತರು.

ಹಾಗಂತ ಪುಸ್ತಕ ಬೇಡ ಅನ್ನುವುದಿಲ್ಲ. ಒಂಬತ್ತು, ಹತ್ತರ ಮಕ್ಕಳಿಗೆ ಕೊಡಿ, ಆದರೆ ಕೊಟ್ಟು ಸುಮ್ಮನಾಗಬೇಡಿ. ಜೊತೆಗೆ ಕೂತು ಓದಿ. ಆಮೇಲೆ ಒಂದು ಭೂಪಟ ತೆಗೆದು ಆ ನದಿ, ಆ ದ್ವೀಪ ತೋರಿಸಿ. ನಾನು ತೋರಿಸಿದಾಗ ಅವಳು ಬೆರಳಿಟ್ಟು ಕೇಳಿದ್ದು, ‘ಉತ್ತರಕ್ಕೆ ಹೋದೋರು ವಾಪಸ್ ಬಂದ್ರಾ, ಇಲ್ಲಾ ಹೋಗ್ಲೇ ಇಲ್ವಾ?’

ಇನ್ನೊಂದು ವಿಷಯ. ನಾಯಿ ಕಬ್ಬಿಣದ ಬೋನಿಗೆ ಕಾಲು ಸಿಕ್ಕಿಸಿಕೊಳ್ಳುವ ಭಾಗದಲ್ಲಿ ಓದು ನಿಲ್ಲಿಸಬೇಡಿ. ನಾನು ನಿಲ್ಲಿಸಿ ದೀಪ ಆರಿಸಿದೆ. ರಾತ್ರಿ ಹನ್ನೊಂದೂವರೆಗೆ ಬಂದು ಎಬ್ಬಿಸಿದಳು.